ಗುಂಡು ಹಾರುವ ಮುನ್ನ

ಗಡಹಿಂಗ್ಲಜದ ಬಳಿ ಹಿರಣ್ಯಕೇಶಿಯ ದಂಡೆಯಲ್ಲಿ ಸಂಜೆ ಕುಳಿತು ಬಲ್ಲವರಿಗೆ ಈ ತಿಂಗಳ ಚಿತ್ರ ಅಪರಿಚಿತವೆನಿಸದು. ಮೇದು ದಣಿದ ದನಗಳು ಮಲಗಿವೆ. ಬಿಸಿಲು ಬಂಗಾರವಾಗಿ ಅಡ್ಡ ಬಿದ್ದಿದೆ. ಕುದುರೆ ಏರಿದವನೊಬ್ಬ ದನಗಾಹಿಗಳ ಹತ್ತಿರ ನಿಂತಿದ್ದಾನೆ. ಆಚೆ ಅಲುಗದ ಹೊಳೆ, ಹೊಳೆಯಾಚೆ ಮಬ್ಬಿನಲ್ಲಿ ಕರಗುವ ಬೆಟ್ಟ. ಬರೆದವನು ಹಾಲೆಂಡಿನ ಆಲ್ಬರ್ಟ್ ಕಾಯ್ಪ್; ಕಾಲ ಸುಮಾರು 1658-60. ಎಂಟು ಅಡಿ ಅಗಲದ ಈ ಚಿತ್ರ 1989ರಿಂದ ಲಂಡನ್ನಿನ ನ್ಯಾಶನಲ್ ಗ್ಯಾಲರಿಯಲ್ಲಿದೆ. ನಾನು ನೋಡಿರುವುದು ಪುಸ್ತಕದಲ್ಲಿ ಅಚ್ಚಾದ ಪ್ರತಿಯನ್ನು ಮಾತ್ರ.

ಆದರೆ ಹಾಲೆಂಡಿನಲ್ಲಿ ಇಂಥ ಬೆಟ್ಟವೆಲ್ಲಿಯದು? ಕಾಯ್ಪ್ 1620ರಲ್ಲಿ ಹುಟ್ಟಿ 1691ರಲ್ಲಿ ತೀರಿಕೊಂಡ ಡೋರ್ಡ್ರೆಖ್ಟ್ ನೀರಿನ ನಡುವಣ ಊರು. ಸುತ್ತಲಿನ ನೆಲ ಅಂಗೈಯಂತೆ ಸಮ. ಗುಡ್ಡಗಳನ್ನು ಅವನು ರೈನ್ ನದಿಯ ಗುಂಟ ಸಂಚರಿಸಿದಾಗ ನೋಡಿದ್ದನು. ಬಿಸಿಲಂತೂ ಇಟಲಿಯದು. ಇಟಲಿಯನ್ನು ಅವನು ಕಂಡವನಲ್ಲ. ಅಲ್ಲಿಂದ ಮರಳಿದ ಯಾನ್ ಬೋತ್ ಎಂಬವನ ಚಿತ್ರಗಳಿಂದ ಆ ಬೆಳಕನ್ನು ಕಲಿತನು. ಹೀಗಾಗಿ ಈ ಕಣಿವೆ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ನಮ್ಮ ಕೊಲ್ಹಾಪುರದ ಆಬಾಲಾಲ ರಹಿಮಾನರು ಕೋಟಿತೀರ್ಥದ ದಂಡೆಯಲ್ಲಿ ಕುಳಿತು ಕಣ್ಣೆದುರಿನ ನೀರನ್ನೇ ಬರೆದವರು. ನನ್ನ ಒಲವು ಅವರ ಕಡೆಗೇ ಎಂಬುದನ್ನು ಮುಚ್ಚಿಡಲಾರೆ.

ಆದರೂ ಕಾಯ್ಪನ ಚಿತ್ರ ನನ್ನನ್ನು ಬಿಡುತ್ತಿಲ್ಲ. ಮಹಾಗಾಂವದ ಮನೆಯ ಪಡಸಾಲೆಯಲ್ಲಿ ಪುಸ್ತಕ ತೆರೆದಿಟ್ಟು, ಎಂಥ ನೆಮ್ಮದಿಯ ಕಣಿವೆ ನೋಡು ಎಂದು ಮೊಮ್ಮಗಳಿಗೆ ವಿವರಿಸುತ್ತಿದ್ದೆ. ಅವಳು ಎಡಗಡೆಯ ಪೊದೆಯ ಮೇಲೆ ಬೆರಳಿಟ್ಟು, “ಅಜ್ಜಾ, ಇಂವ ಯಾಕ ಅಡಗಿ ಕುಂತಾನ?” ಎಂದಳು.

ಕನ್ನಡಕ ಸರಿಪಡಿಸಿಕೊಂಡು ನೋಡಿದೆ. ಬೇಟೆಗಾರ! ಬಂದೂಕಿನ ಗುರಿ ನೀರಿನ ಬಾತುಗಳತ್ತ. ಎಷ್ಟೋ ವರ್ಷಗಳಿಂದ ನೋಡಿದ ಚಿತ್ರ; ಇವನು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಇನ್ನೊಂದು ಕ್ಷಣಕ್ಕೆ ಗುಂಡು ಹಾರುತ್ತದೆ, ಕುದುರೆ ಬೆದರುತ್ತದೆ, ದನಗಳು ಧಡಕ್ಕನೆ ಏಳುತ್ತವೆ. ಅಲ್ಲಿರುವ ಯಾರಿಗೂ ಅದರ ಸುಳಿವಿಲ್ಲ. ಸ್ಪೇನಿನೊಡನೆ 80 ವರ್ಷಗಳ ಯುದ್ಧ ಮುಗಿದು 1648ರಲ್ಲಿ ಸಂಧಿಯಾದ ನಾಡು ಅದು. 1672ರಲ್ಲಿ ಫ್ರಾನ್ಸಿನ ಸೈನ್ಯ ಅದರೊಳಗೆ ನುಗ್ಗಿತು. ಈ ಸಂಜೆ ಆ ಎರಡರ ನಡುವಿನದು. ಕಾಯ್ಪ್ ಮುಂದಿನದನ್ನು ಬಲ್ಲವನಲ್ಲ, ಬೇಟೆಗಾರನನ್ನು ಮಾತ್ರ ಪೊದೆಯಲ್ಲಿ ಕೂಡ್ರಿಸಿದನು.

ಇದನ್ನೆಲ್ಲ ಹುಡುಗಿಗೆ ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದಂತೆ ಅವಳೇ ಪುಟದ ಮೇಲೆ ಬಗ್ಗಿ, “ಹಾರಿ ಹೋಗ್ರಿ” ಎಂದು ಬಾತುಗಳಿಗೆ ಮೆಲ್ಲಗೆ ಹೇಳಿದಳು.