ಯಂತ್ರ ಬದಲಾದರೂ ಪಹಣಿ ಉಳಿಯಬೇಕು

ಕಲ್ಮಲದ ರೈತನ ಪಹಣಿ ಒಂದು ಕಾಲಕ್ಕೆ ಕೈಬರಹದ ಪುಸ್ತಕದಲ್ಲಿತ್ತು. 2000ರಲ್ಲಿ ಆರಂಭವಾದ ‘ಭೂಮಿ’ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆದರೆ ಕಂಪ್ಯೂಟರಿಗೂ ಆಯುಷ್ಯವಿದೆ. ಅದು ಹಳತಾದಾಗ ಇಂಥ ದಾಖಲೆಗಳನ್ನು ಹೊಸ ಯಂತ್ರಕ್ಕೆ ಸಾಗಿಸುವುದು ಹೇಗೆ?

ಈಗ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಒಂದೇ ಯಂತ್ರದೊಳಗೆ ಹಲವು ‘ವರ್ಚುವಲ್’ ಕಂಪ್ಯೂಟರುಗಳು ದುಡಿಯುತ್ತವೆ. ಅವುಗಳನ್ನು ನಡೆಸುವ ತಂತ್ರಾಂಶವೇ ಹೈಪರ್‌ವೈಸರ್. ಇಂಥ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಒಂದು ದೊಡ್ಡ ಫೈಲು, ಅಷ್ಟೆ. ಅದನ್ನು ನಕಲು ಮಾಡಿ ಬೇರೆ ಯಂತ್ರಕ್ಕೆ ಒಯ್ಯಬಹುದು.

ಆದರೆ ಕೆಲಸ ನಡೆದಿರುವಾಗ ಹಾಗೇ ನಕಲು ಮಾಡುವಂತಿಲ್ಲ. ಮೊದಲರ್ಧ ಹಳೆಯದು, ಉಳಿದರ್ಧ ಹೊಸದಾಗಿ ಲೆಕ್ಕ ತಾಳೆಯಾಗದು. ಆದ್ದರಿಂದ ಮೊದಲು ವರ್ಚುವಲ್ ಕಂಪ್ಯೂಟರನ್ನು ನಿಲ್ಲಿಸುತ್ತಾರೆ. ನಿಲ್ಲಿಸಲಾಗದ ಕಡೆ, ಅಷ್ಟರಲ್ಲಿ ಬದಲಾದ ಭಾಗಗಳನ್ನು ಗುರುತಿಟ್ಟು ಮತ್ತೆ ಕಳಿಸುವ ತಂತ್ರಾಂಶ ಬಳಸುತ್ತಾರೆ.

ಮುಂದಿನದು ತಾಳೆ ನೋಡುವ ಕೆಲಸ. ಎಸ್‌ಎಚ್‌ಎ-256 ಎಂಬ ಗಣಿತ ವಿಧಾನ ಫೈಲಿಗೊಂದು ಗುರುತು ಸಂಖ್ಯೆ ಕೊಡುತ್ತದೆ. ಒಂದಕ್ಷರ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಎರಡೂ ಒಂದೇ ಆದರೆ ನಕಲು ಸರಿ. ಹೈಪರ್‌ವೈಸರ್ ಬೇರೆ ಕಂಪನಿಯದಾದರೆ ಫೈಲಿನ ರೂಪವನ್ನೂ ಬದಲಿಸಬೇಕಾಗಬಹುದು.

ಹೊಸ ಯಂತ್ರದಲ್ಲಿ ಎಲ್ಲವೂ ನಡೆಯುವುದನ್ನು ನೋಡುವ ತನಕ ಹಳೆಯದನ್ನು ಅಳಿಸಬಾರದು. ಪ್ರಾಜೆಕ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವ ವಿದ್ಯಾರ್ಥಿಗೂ ಇದೇ ನಿಯಮ.