ನನ್ನ ಕೈಗೆ ಬಲವಾದ ಎಲೆ, ತಂಡಕ್ಕೆ ಸೋಲು

ಮಂಡಿ ಮೊಹಲ್ಲಾದ ನಮ್ಮ ರೂಮಿನಲ್ಲಿ ಭಾನುವಾರ ಸಂಜೆ ಮೂವರು ಎಲೆ ಹಿಡಿದು ಕೂರುತ್ತೇವೆ. ಕೆಳಗೆ ದಿನಸಿ ಅಂಗಡಿ, ಮೇಲೆ ಹಳೆಯ ಮರದ ಮೆಟ್ಟಿಲು ಹತ್ತಿದರೆ ನಾವು. ಮೊದಲ ಸಲ ನೋಡಿದಾಗ ಓನರ್ ಅಂಕಲ್ ಬಾಗಿಲಲ್ಲೇ ನಿಂತು ಕೇಳಿದ್ದರು: "ಏನ್ರಪ್ಪಾ, ಇಸ್ಪೀಟಾ? ದುಡ್ಡು ಗಿಡ್ಡು ಕಟ್ಟಿ ಆಡ್ತಿಲ್ಲ ತಾನೆ?" ಇಲ್ಲ ಅಂಕಲ್ ಅಂದೆವು. ಅವರು ನಂಬಿದಂತೆ ಕಾಣಲಿಲ್ಲ. ಎಲೆ ಅಂದರೆ ಜೂಜು, ಇಲ್ಲವೇ ಒಬ್ಬ ಗೆದ್ದು ಮೂವರು ಸೋಲುವ ಆಟ ಎಂಬುದೇ ನಮ್ಮಲ್ಲಿ ರೂಢಿಯ ಅರ್ಥ.

ನಾವು ಆಡುವುದು ಬೇರೆ. ಅದರ ಹೆಸರು ‘ಅರ್ಕಮ್ ಹಾರರ್: ದಿ ಕಾರ್ಡ್ ಗೇಮ್’. ನೇಟ್ ಫ್ರೆಂಚ್ ಮತ್ತು ಮ್ಯಾಥ್ಯೂ ನ್ಯೂಮನ್ ರೂಪಿಸಿದ ಈ ಆಟ 2016ರಲ್ಲಿ ಬಂತು. ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ಗೆಳೆಯನ ಅಣ್ಣ ಊರು ಬಿಡುವಾಗ ಪೆಟ್ಟಿಗೆಯನ್ನು ನಮಗೆ ಕೊಟ್ಟು ಹೋದ. ಇದರಲ್ಲಿ ಆಟಗಾರರು ಒಬ್ಬರ ವಿರುದ್ಧ ಒಬ್ಬರು ಆಡುವುದಿಲ್ಲ. ಎಲ್ಲರೂ ಒಂದೇ ಕಡೆ, ಎದುರಾಳಿ ಆಟವೇ. ಸಮಯ ಮುಗಿಯುವುದರೊಳಗೆ ಸುಳಿವು ಹುಡುಕಬೇಕು, ನಡುವೆ ಎರಗುವ ರಾಕ್ಷಸರನ್ನು ತಡೆಯಬೇಕು. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಸೋತಂತೆ.

ಪ್ರತಿಯೊಬ್ಬನಿಗೂ ತನ್ನದೇ ಎಲೆಗಳ ಕಟ್ಟು ಇರುತ್ತದೆ. ಸಾಮಾನ್ಯವಾಗಿ ಆಯ್ದುಕೊಳ್ಳುವ ಎಲೆ 30. ಕಥೆಯ ಒಂದು ಅಧ್ಯಾಯ ಮುಗಿದಾಗ ಎಲ್ಲರಿಗೂ ಅನುಭವದ ಅಂಕ ಸಿಗುತ್ತದೆ. ಆ ಅಂಕ ಕೊಟ್ಟು ಇನ್ನೂ ಬಲವಾದ ಎಲೆ ಕೊಳ್ಳಬಹುದು. ಆದರೆ ಕಟ್ಟು ದಪ್ಪಗಾಗುವಂತಿಲ್ಲ. ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು? ಇದನ್ನು ನಾನು ಎಷ್ಟು ತಪ್ಪಾಗಿ ಲೆಕ್ಕ ಹಾಕಿದೆ ಅನ್ನುವುದನ್ನು ಹೇಳಲೆಂದೇ ಈ ಬರಹ.

ನನ್ನ ಪಾತ್ರ ರೋಲಂಡ್ ಬ್ಯಾಂಕ್ಸ್ ಎಂಬ ಪತ್ತೇದಾರ, ಹೊಡೆದಾಟದಲ್ಲಿ ಗಟ್ಟಿ. ಪಕ್ಕದ ಬೀದಿಯ ಫಾರ್ಮಸಿ ವಿದ್ಯಾರ್ಥಿಯದು ಡೈಸಿ ವಾಕರ್ ಎಂಬ ಗ್ರಂಥಪಾಲಕಿ, ಸುಳಿವು ಹುಡುಕುವುದರಲ್ಲಿ ನಿಪುಣೆ, ಆದರೆ ದೇಹಬಲ ಬರೀ 5. ನಂಜನಗೂಡಿನ ನನ್ನ ರೂಮ್‌ಮೇಟ್‌ನದು ವೆಂಡಿ ಎಂಬ ಅನಾಥ ಹುಡುಗಿ. ಮೊದಲ ಅಧ್ಯಾಯ ದಾಟಿದಾಗ ನನ್ನ ಕೈಯಲ್ಲಿ 5 ಅಂಕ ಇತ್ತು. ಯಾರನ್ನೂ ಕೇಳದೆ ಅದರಲ್ಲಿ 4 ಕೊಟ್ಟು ‘ಶಾಟ್‌ಗನ್’ ಎಲೆ ತಂದೆ. ಹೊಡೆತ ಎಷ್ಟು ಅಂತರದಲ್ಲಿ ಸಫಲವಾಗುತ್ತದೋ ಅಷ್ಟು ಪೆಟ್ಟು, ಗರಿಷ್ಠ 5. ಓದುವಾಗಲೇ ಮೈ ಜುಮ್ ಅನ್ನುವ ಎಲೆ ಅದು. ಜಾಗ ಬೇಕಲ್ಲ, ಅದಕ್ಕೆ ‘ಅನ್‌ಎಕ್ಸ್‌ಪೆಕ್ಟೆಡ್ ಕರೇಜ್’ ಎಂಬ ಸಾಧಾರಣ ಎಲೆಯೊಂದನ್ನು ತೆಗೆದುಹಾಕಿದೆ. ನನಗಾಗಲಿ, ಒಂದೇ ಜಾಗದಲ್ಲಿರುವ ಗೆಳೆಯನಿಗಾಗಲಿ ಒಂದು ಪರೀಕ್ಷೆಯಲ್ಲಿ ಎರಡು ಅಂಕ ಜಾಸ್ತಿ ಕೊಡುವುದಷ್ಟೇ ಅದರ ಕೆಲಸ.

ಎರಡನೇ ಅಧ್ಯಾಯ ಶುರುವಾಯಿತು. ಶಾಟ್‌ಗನ್ ಕೈಗೆ ಬಂದಿದ್ದು ಏಳನೇ ಸುತ್ತಿನಲ್ಲಿ. ಅಲ್ಲಿಯವರೆಗೆ ಅದಕ್ಕೆಂದು ಆಟದ ದುಡ್ಡು ಕೂಡಿಟ್ಟು, ಕೈಯಲ್ಲಿದ್ದ ಬೇರೆ ಎಲೆಗಳನ್ನು ಇಳಿಸದೆ ಕುಳಿತಿದ್ದೆ. ಕೊನೆಗೂ ಬಂತು. ಒಂದು ರಾಕ್ಷಸ ಗ್ರಂಥಪಾಲಕಿಗೆ ಅಂಟಿಕೊಂಡಿತ್ತು. ಆಕೆಗೆ ಆಗಲೇ ಒಂದು ಪೆಟ್ಟು ಬಿದ್ದಿತ್ತು. ರಾಕ್ಷಸನನ್ನು ಮೊದಲು ನನ್ನತ್ತ ಎಳೆದುಕೊಳ್ಳಬಹುದಿತ್ತು. ಅದಕ್ಕೊಂದು ಆ್ಯಕ್ಷನ್ ಖರ್ಚಾಗುತ್ತದೆಂದು ಎಳೆಯಲಿಲ್ಲ, ನೇರ ಗುಂಡು ಹಾರಿಸಿದೆ. ನನ್ನ ಬಲ 4, ಬಂದೂಕಿನದು 3, ಒಟ್ಟು 7. ಬೇಕಾಗಿದ್ದದ್ದು 4. ಚೀಲದಿಂದ ಒಂದು ಬಿಲ್ಲೆ ತೆಗೆಯಬೇಕು. 16 ಬಿಲ್ಲೆಗಳಲ್ಲಿ ಒಂದೇ ಒಂದು ಬಿಲ್ಲೆಗೆ ನಮ್ಮ ಬಲವನ್ನೆಲ್ಲ ಸೊನ್ನೆ ಮಾಡುವ ಶಕ್ತಿ ಇದೆ. ಅದೇ ಬಂತು.

ಶಾಟ್‌ಗನ್ ಎಲೆಯ ಕೊನೆಯ ಸಾಲನ್ನು ಆಗ ಓದಿದೆ. ಗುರಿ ತಪ್ಪಿ ಗೆಳೆಯನಿಗೆ ತಗುಲಿದರೆ ಎಷ್ಟು ಅಂತರದಲ್ಲಿ ತಪ್ಪಿತೋ ಅಷ್ಟು ಪೆಟ್ಟು ಅವನಿಗೆ. ಸೊನ್ನೆಯಿಂದ ನಾಲ್ಕಕ್ಕೆ ಅಂತರ ನಾಲ್ಕು. ಆಗಲೇ ಇದ್ದ ಒಂದು ಸೇರಿ ಐದಾಯಿತು. ಗ್ರಂಥಪಾಲಕಿ ಆಟದಿಂದ ಹೊರಗೆ. ಆಕೆ ಕೂಡಿಸಿದ್ದ ಸುಳಿವುಗಳೆಲ್ಲ ಅಲ್ಲೇ ಬಿದ್ದವು. ಇನ್ನೆರಡು ಸುತ್ತಿನಲ್ಲಿ ನಾವು ಸೋತೆವು. ಫಾರ್ಮಸಿಯವನು ಎಲೆ ಕೆಳಗಿಟ್ಟು ಚಹಾ ಮಾಡಲು ಎದ್ದ. ಒಂದು ಮಾತೂ ಆಡಲಿಲ್ಲ.

"ಹದಿನಾರರಲ್ಲಿ ಒಂದು ಕಣೋ, ಅದೃಷ್ಟ ಕೆಟ್ಟಿತ್ತು" ಅಂತ ನಾನು ವಾದಿಸಿದೆ. ಬಿಲ್ಲೆಯ ಮಟ್ಟಿಗೆ ಅದು ನಿಜ. ಒಂದು ಆಯ್ಕೆಯನ್ನು ಅದರ ಫಲಿತಾಂಶದಿಂದ ಮಾತ್ರ ಅಳೆಯಬಾರದು. ಒಳ್ಳೆಯ ಆಯ್ಕೆಯೂ ಒಮ್ಮೊಮ್ಮೆ ಸೋಲುತ್ತದೆ. ಆದರೆ ರೂಮ್‌ಮೇಟ್ ಪೇಪರ್ ತೆಗೆದುಕೊಂಡು ಲೆಕ್ಕ ಹಾಕಿದಾಗ ಗೊತ್ತಾಯಿತು, ಬಿಲ್ಲೆ ಹೇಗೆ ಬಿದ್ದಿದ್ದರೂ ನನ್ನ ಆಯ್ಕೆ ಕೆಟ್ಟದ್ದೇ ಆಗಿತ್ತು.

ಮೊದಲನೆಯದು, ಆ ಎಲೆ ಯಾವಾಗ ಕೈಗೆ ಬರುತ್ತದೆ? ಆರಂಭದಲ್ಲಿ ಸಿಗುವುದು 5 ಎಲೆ. ಪಾತ್ರದ ಸ್ವಂತ ಎಲೆ, ಬದಲಿಸುವ ಅವಕಾಶ ಇವನ್ನೆಲ್ಲ ಬಿಟ್ಟು ಸರಳವಾಗಿ ನೋಡಿದರೆ, 30ರಲ್ಲಿ ಒಂದೇ ಪ್ರತಿ ಇರುವ ಎಲೆ ಮೊದಲ ಕೈಯಲ್ಲೇ ಬರುವ ಸಾಧ್ಯತೆ ಆರರಲ್ಲಿ ಒಂದು. ಎರಡು ಪ್ರತಿ ಇದ್ದರೆ ಒಂದಾದರೂ ಬರುವ ಸಾಧ್ಯತೆ ಸುಮಾರು ಶೇ 31. ಹತ್ತು ಎಲೆ ನೋಡುವಷ್ಟರಲ್ಲಿ ಅದು ಶೇ 56 ದಾಟುತ್ತದೆ. ನನ್ನ ಬಳಿ ಒಂದೇ ಶಾಟ್‌ಗನ್ ಇತ್ತು.

ಎರಡನೆಯದು, ಬಂದ ದಿನ ಅದನ್ನು ಇಳಿಸುವ ಶಕ್ತಿ ಇದೆಯೇ? ಶುರುವಿನಲ್ಲಿ ಸಿಗುವ ಆಟದ ದುಡ್ಡು 5. ಶಾಟ್‌ಗನ್ ಬೆಲೆಯೂ 5. ಅದನ್ನು ಇಳಿಸಿದ ದಿನ ನಾನು ಬರಿಗೈ. ಅದು ಎರಡೂ ಕೈ ಬೇಡುತ್ತದೆ, ಇರುವುದು ಎರಡೇ ಗುಂಡು. ನನ್ನ ಹಳೆಯ ‘ಮಷೆಟಿ’, ಅಂದರೆ ನಮ್ಮ ಮಚ್ಚು, ಬೆಲೆ 3, ಒಂದೇ ಕೈ ಸಾಕು, ಗುಂಡಿನ ಹಂಗಿಲ್ಲ.

ಮೂರನೆಯದು, ಏನು ಹೊರಗೆ ಹೋಯಿತು? ಗೆಳೆಯನ ಪರೀಕ್ಷೆಗೂ ಕೊಡಬಹುದಾಗಿದ್ದ ಎಲೆಯನ್ನೇ ನಾನು ತೆಗೆದುಹಾಕಿದ್ದೆ.

ನಾಲ್ಕನೆಯದು, ಅದೇ ಅಂಕಕ್ಕೆ ಇನ್ನೇನು ಸಿಗುತ್ತಿತ್ತು? ಇದು ನನ್ನ ಬಾಯಿ ಮುಚ್ಚಿಸಿದ ಪ್ರಶ್ನೆ. ‘ಪೊಲೀಸ್ ಬ್ಯಾಡ್ಜ್’ ಎಂಬ ಎಲೆಗೆ 2 ಅಂಕ. 4 ಅಂಕಕ್ಕೆ ಎರಡು ಪ್ರತಿ ಬರುತ್ತಿತ್ತು. ಒಂದೇ ಜಾಗದಲ್ಲಿರುವ ಗೆಳೆಯನ ಸರದಿಯಲ್ಲಿ ಅದನ್ನು ತ್ಯಜಿಸಿದರೆ ಅವನಿಗೆ ಇನ್ನೆರಡು ಆ್ಯಕ್ಷನ್ ಸಿಗುತ್ತದೆ. ಒಂದು ಸರದಿಗೆ ಇರುವುದೇ ಮೂರು, ಅದು ಐದಾಗುತ್ತದೆ. ನಮ್ಮ ತಂಡಕ್ಕೆ ಆ ದಿನ ಹೊಡೆಯುವ ಶಕ್ತಿ ಸಾಕಷ್ಟಿತ್ತು. ಸಾಲದೆ ಹೋಗಿದ್ದು ಗ್ರಂಥಪಾಲಕಿಯ ಸಮಯ. ಇಬ್ಬರೂ ಅದನ್ನು ಮೊದಲ ಅಧ್ಯಾಯದಲ್ಲೇ ನೋಡಿದ್ದರು. ನಾನು ಕೇಳಿರಲಿಲ್ಲ, ಅಷ್ಟೆ.

ಐದನೆಯದು, ತಪ್ಪಿದರೆ ಪೆಟ್ಟು ಯಾರಿಗೆ? ಮಚ್ಚು ಬೀಸಿ ತಪ್ಪಿದ್ದರೆ ಗೆಳೆಯನಿಗೆ ಒಂದೇ ಪೆಟ್ಟು ಬೀಳುತ್ತಿತ್ತು, ಗ್ರಂಥಪಾಲಕಿ ಉಳಿಯುತ್ತಿದ್ದಳು.

ಎಲೆಯ ಬೆಲೆ ಎಲೆಯ ಮೇಲಷ್ಟೇ ಬರೆದಿರುವುದಿಲ್ಲ. ಇದನ್ನು ಅಮೆರಿಕದ ಆಟವೇ ಹೇಳಿಕೊಡಬೇಕಾಗಿರಲಿಲ್ಲ. ಗಂಜೀಫಾ ಎಲೆಗಳಿಗೆ ಹೆಸರಾದ ಊರು ನಮ್ಮದು. ದಶಾವತಾರ ಗಂಜೀಫಾದಲ್ಲಿ 120 ದುಂಡನೆಯ ಎಲೆ, ಹತ್ತು ಅವತಾರಕ್ಕೆ ತಲಾ ಹನ್ನೆರಡು. ಎಲ್ಲದರಲ್ಲೂ ರಾಜ, ಮಂತ್ರಿ ಮೇಲೆ. ಉಳಿದ ಎಲೆಗಳಲ್ಲಿ ಐದು ಅವತಾರಗಳಿಗೆ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನೈದು ಅವತಾರಗಳಿಗೆ ಇದು ತಿರುವುಮುರುವು, ಒಂದೇ ದೊಡ್ಡದು. ಆಟವನ್ನು ಹಗಲಲ್ಲಿ ರಾಮನ ಎಲೆ ಶುರು ಮಾಡಿದರೆ ರಾತ್ರಿ ಕೃಷ್ಣನದು. ಬರೀ ಅಂಕಿ ನೋಡಿ ಎಲೆ ಅಳೆಯುವವನು ಅಲ್ಲಿ ಒಂದು ಸುತ್ತೂ ಉಳಿಯಲಾರ.

ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇನ್ನೂ ಮುಂದೆ ಹೋದರು. ‘ಶ್ರೀತತ್ವನಿಧಿ’ಯಲ್ಲಿ ಅವರ ‘ಛದ’ ಆಟಗಳ ವಿವರವಿದೆ. ಒಂದು ಗುಂಪಿಗೆ 12 ಅಂಕಿಯ ಎಲೆ, 6 ಚಿತ್ರದ ಎಲೆ. ದೊಡ್ಡ ಕಟ್ಟಿನಲ್ಲಿ 360 ಎಲೆವರೆಗೂ ಇದ್ದವು. ಚಿತ್ರಕಲೆಯಾಗಿ ಅವು ಅದ್ಭುತ, ರಘುಪತಿ ಭಟ್ಟರಂಥ ಕಲಾವಿದರಿಂದ ಆ ಪರಂಪರೆ ನಮ್ಮ ಕಾಲದವರೆಗೂ ಬಂದಿದೆ. ಆದರೆ ಆ ಆಟಗಳು ಜನಸಾಮಾನ್ಯರ ಜಗಲಿಗೆ ಇಳಿಯಲಿಲ್ಲ. ಎಲೆ ಹೆಚ್ಚಿದಂತೆಲ್ಲ ಆಟ ಹೆಚ್ಚುವುದಿಲ್ಲ ಅಂತ ನನಗನ್ನಿಸುವುದು ಆ 360ನ್ನು ನೆನೆದಾಗ.

ಆ ಭಾನುವಾರ ರಾತ್ರಿ ಪಾತ್ರೆ ತೊಳೆಯುತ್ತಾ ರೂಮ್‌ಮೇಟ್ ಅಂದ: "ಮಗಾ, ಬೇಜಾರಾಗ್ಬೇಡ. ನಿನ್ ಫೈಲಿಗೂ ನೀನು ಹಿಂಗೇ ಮಾಡ್ತಿದೀಯ."

ಬೇಜಾರಾಯಿತು. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವನು. ನನ್ನ ಪ್ಲಾಸ್ಟಿಕ್ ಫೈಲಿನಲ್ಲಿ ಟ್ಯಾಲಿ ಸರ್ಟಿಫಿಕೇಟ್ ಇದೆ, ಟೈಪಿಂಗ್ ಇದೆ, ಡಿಜಿಟಲ್ ಮಾರ್ಕೆಟಿಂಗ್ ಇದೆ, ಅರ್ಧಕ್ಕೆ ಬಿಟ್ಟ ಎರಡು ಕೋರ್ಸಿನ ರಸೀದಿ ಇದೆ. ಆ ವಾರವೇ ಡೇಟಾ ಅನಾಲಿಟಿಕ್ಸ್ ಕೋರ್ಸಿಗೆ 18,000 ರೂಪಾಯಿ ಕಟ್ಟುವವನಿದ್ದೆ. ದುಡ್ಡು ಅಪ್ಪನ ಖಾತೆಯದು. ಯಾರೋ ಅದಕ್ಕೆ ಈಗ ಭಾರಿ ಬೇಡಿಕೆ ಅಂದಿದ್ದರು. ಶಾಟ್‌ಗನ್ ಎಲೆ ಓದಿದಾಗ ಆದಂತೆಯೇ ಮೈ ಜುಮ್ ಅಂದಿತ್ತು.

ಅದೇ ಪೇಪರಿನ ಹಿಂಬದಿಗೆ ಅವೇ ಪ್ರಶ್ನೆ ಬರೆದೆವು. ಯಾವಾಗ ಕೈಗೆ ಬರುತ್ತದೆ? ಆರು ತಿಂಗಳ ನಂತರ. ಪರೀಕ್ಷೆ ಇರುವುದು ಎರಡು ತಿಂಗಳಲ್ಲಿ. ಏನು ಹೊರಗೆ ಹೋಗುತ್ತದೆ? ಓದುವ ಸಂಜೆಗಳು. ನನಗೆ ನಿಜವಾಗಿ ಸಾಲದೇ ಇರುವುದು ಏನು? ಇಂಗ್ಲಿಷ್. ಪ್ರಿಲಿಮ್ಸ್‌ನಲ್ಲಿ 100 ಪ್ರಶ್ನೆಗೆ 60 ನಿಮಿಷ, ಅದರಲ್ಲಿ ನಾನು ಪ್ರತಿ ಸಲ ಬೀಳುವುದು ಇಂಗ್ಲಿಷ್ ಭಾಗದಲ್ಲಿ. ಅದಕ್ಕೆ 18,000 ಬೇಕಾಗಿರಲಿಲ್ಲ. ಫಾರ್ಮಸಿಯವನ ಇಂಗ್ಲಿಷ್ ಚೆನ್ನಾಗಿದೆ, ಅವನಿಗೆ ಲೆಕ್ಕ ಕಷ್ಟ. ಈಗ ವಾರಕ್ಕೆ ಮೂರು ರಾತ್ರಿ ಅವನು ನನಗೆ ಪ್ಯಾಸೇಜ್ ಓದಿಸುತ್ತಾನೆ, ನಾನು ಅವನಿಗೆ ಲೆಕ್ಕ ಹೇಳಿಕೊಡುತ್ತೇನೆ.

ಹೋಲಿಕೆಗೂ ಮಿತಿ ಇದೆ ಅಂತ ಗೊತ್ತು. ಆಟದಲ್ಲಿ ಎಲೆಯ ಗುಣ ಮೊದಲೇ ಅಚ್ಚಾಗಿರುತ್ತದೆ, ಕೋರ್ಸಿನದು ಹಾಗಲ್ಲ. ಆಟದಲ್ಲಿ ಎಲ್ಲರೂ ಒಟ್ಟಿಗೆ ಗೆಲ್ಲಬಹುದು. ನಾನೂ ರೂಮ್‌ಮೇಟೂ ಬರೆಯುವುದು ಒಂದೇ ಪರೀಕ್ಷೆ, ಅಲ್ಲಿ ಅವನಿಗೆ ಸಿಕ್ಕ ಹುದ್ದೆ ನನಗೆ ಸಿಗುವುದಿಲ್ಲ. ಆದರೂ ಸ್ಪರ್ಧಾತ್ಮಕ ಪರೀಕ್ಷೆಗಳು ನಮಗೆ ಎಲ್ಲವನ್ನೂ ನನ್ನ ಕೈಗೆಷ್ಟು ಬಲ ಎಂದೇ ನೋಡುವುದನ್ನು ಕಲಿಸಿಬಿಟ್ಟಿವೆ. ಕೆಲಸ ಸಿಕ್ಕ ಮರುದಿನದಿಂದ ನಾವು ಕೂರುವುದು ನಾಲ್ಕಾರು ಜನರ ನಡುವೆ. ಅಲ್ಲಿ ಕೌಂಟರಿನಲ್ಲಿ ಕ್ಯೂ ಬೆಳೆದಾಗ ಪಕ್ಕದವನಿಗೆ ಏನು ಸಾಲುತ್ತಿಲ್ಲ ಎಂದು ನೋಡಬಲ್ಲವನು ಬೇಕಾಗುತ್ತಾನೆ. ಅದನ್ನು ಯಾವ ಕೋಚಿಂಗ್ ಕ್ಲಾಸಿನಲ್ಲೂ ನನಗೆ ಹೇಳಿಕೊಟ್ಟಿಲ್ಲ.

ಹಾಗಾಗಿ ಗೆಳೆಯರೇ, ಮುಂದಿನ ಸಲ ನೀವು ಎಲೆಯಾಗಲಿ, ಕೋರ್ಸಾಗಲಿ, ಹೊಸದೊಂದನ್ನು ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ಕಷ್ಟ ಹತ್ತಿರದಿಂದ ನೋಡಿದ ಇಬ್ಬರನ್ನು ಕೇಳಿ. ಏನು ತರಬೇಕು ಎನ್ನುವ ಜೊತೆಗೆ ಏನು ಬಿಡಬೇಕು ಎಂದೂ ಕೇಳಿ. ನಮಗೆ ಕಾಣದ ಕೊರತೆ ಅವರಿಗೆ ಕಾಣುತ್ತದೆ.

ಕಥೆಯನ್ನು ಮತ್ತೆ ಮೊದಲಿನಿಂದ ಆಡಿದೆವು. ಈ ಸಲ ಎರಡು ಬ್ಯಾಡ್ಜ್ ತಂದೆ, ತೆಗೆದುಹಾಕಿದ್ದ ‘ಕರೇಜ್’ ಎಲೆಯನ್ನು ಹಾಗೇ ಉಳಿಸಿಕೊಂಡೆ. ಎರಡನೇ ಅಧ್ಯಾಯದ ಕೊನೆಯ ಸುತ್ತಿನಲ್ಲಿ ಗ್ರಂಥಪಾಲಕಿಗೆ ಐದು ಆ್ಯಕ್ಷನ್ ಸಿಕ್ಕಿತು, ದಾಟಿದೆವು. ಮೂರನೇ ಅಧ್ಯಾಯದಲ್ಲಿ ಸೋತೆವು. ಗದ್ದಲ ಕೇಳಿ ಓನರ್ ಅಂಕಲ್ ಮೇಲೆ ಬಂದರು.

"ಯಾರಪ್ಪಾ ಗೆದ್ದಿದ್ದು?"

"ಯಾರೂ ಇಲ್ಲ ಅಂಕಲ್. ಮೂವರೂ ಸೋತ್ವಿ."

"ಮೂವರೂ ಸೋಲೋದಾ? ಇದ್ಯಾವ ಸೀಮೆ ಆಟನಪ್ಪಾ!" ಅಂದರು. ಆದರೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ನಾಲ್ಕನೆಯವರಿಗೂ ಜಾಗವಿದೆ ಈ ಆಟದಲ್ಲಿ. ಬರುವ ಭಾನುವಾರಕ್ಕೆ ಅವರಿಗೊಂದು ಕಟ್ಟು ಜೋಡಿಸಬೇಕು.