ಊರಿಗೆ ಉಪಕಾರಿ, ಮನೆಗೆ ಮಾರಿ

ಕೆಂಗೇರಿಯ ಕಡೆಯ ಒಂದು ಶಾಲೆಯಲ್ಲಿ ನಾನು ಮೇಷ್ಟರಾಗಿದ್ದಾಗ ನಡೆದ ಸಂಗತಿ. ಒಂದು ಕಂಪೆನಿಯವರು ಬಂದು ಶಾಲೆಯ ಗೋಡೆಗೆ ಬಣ್ಣ ಹೊಡೆಸಿದರು, ಮಕ್ಕಳಿಗೆ ಚೀಲ ಹಂಚಿದರು, ಫೋಟೋ ತೆಗೆಸಿಕೊಂಡರು. ಚೀಲ ಪಡೆದ ಒಬ್ಬ ಹುಡುಗಿಯ ತಾಯಿ ಅದೇ ಕಂಪೆನಿಯಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುತ್ತಿದ್ದರು. ಅವರಿಗೆ ಎರಡು ತಿಂಗಳ ಸಂಬಳ ಬಂದಿರಲಿಲ್ಲ. "ಚೀಲ ಚೆನ್ನಾಗೈತೆ ಮೇಷ್ಟ್ರೇ, ಒಳಗಿಡೋ ನೋಟ್‌ಬುಕ್ಕಿಗೆ ದುಡ್ಡೆಲ್ಲಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಬಣ್ಣ, ಈ ಚೀಲ ಎಲ್ಲಿಂದ ಬರುತ್ತವೆ? 2013ರ ಕಂಪೆನಿ ಕಾಯಿದೆಯ 135ನೆಯ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿಯ ನಿವ್ವಳ ಆಸ್ತಿ, ಅಥವಾ 1000 ಕೋಟಿಯ ವಹಿವಾಟು, ಅಥವಾ 5 ಕೋಟಿಯ ನಿವ್ವಳ ಲಾಭವಿರುವ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕ್ಕಾಗಿ ವೆಚ್ಚಮಾಡಬೇಕು. ಸರಾಸರಿ ಲಾಭ 10 ಕೋಟಿಯಾದರೆ ವೆಚ್ಚ 20 ಲಕ್ಷ. ಇದೇ ಸಿ.ಎಸ್.ಆರ್. ಅಂದರೆ ಇದು ಧಣಿಗಳ ಔದಾರ್ಯವಲ್ಲ, ಕಾಯಿದೆಯ ಕಟ್ಟಳೆ. ಆ ಲಾಭವನ್ನು ದುಡಿದು ತಂದವರು ಯಾರೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಕಂಪೆನಿಯು ತನ್ನ ನೌಕರರಿಗೆ ಒದಗಿಸುವ ಸೌಲಭ್ಯ ಈ ಲೆಕ್ಕಕ್ಕೆ ಸೇರುವುದಿಲ್ಲ. ಇದು ಅನ್ಯಾಯವೆಂದು ಕೆಲವು ಕಾರ್ಮಿಕ ಬಂಧುಗಳು ವಾದಿಸುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಕಾರ್ಮಿಕನ ಸಂಬಳ, ಪಿ.ಎಫ್., ಕುಡಿಯುವ ನೀರು, ಮಕ್ಕಳ ಪಾಲನಾಗೃಹ ಇವೆಲ್ಲ ಅವನ ಹಕ್ಕು. ಅವನ್ನು ದಾನದ ಖಾತೆಗೆ ಬರೆಯಲು ಬಿಟ್ಟರೆ ನಾಳೆ ಕೂಲಿಯನ್ನೂ ಧರ್ಮವೆಂದು ಕೊಟ್ಟಾರು!

ಹಾಗಾದರೆ ಈ ಹಕ್ಕನ್ನು ಕಾಯಬೇಕಾದವರು ಯಾರು? ಕಾರ್ಖಾನೆಯೊಳಗೆ ಮೊದಲ ಹೊಣೆ ಈಗ ಹೆಚ್.ಆರ್. ಎನ್ನಿಸಿಕೊಳ್ಳುವ ಕಚೇರಿಯದು. 500 ಮಂದಿ ದುಡಿಯುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತ್ತು. 2020ರ ಸಂಹಿತೆಯಲ್ಲಿ ಈ ಸಂಖ್ಯೆ 250. ನಮ್ಮ ಜ್ಞಾನಭಾರತಿಯ ವಿಶ್ವವಿದ್ಯಾನಿಲಯದಲ್ಲಿ ಸಮಾಜಕಾರ್ಯದ ವಿಭಾಗವಿದೆ. ಸಮಾಜಕಾರ್ಯ ಓದಿದ ತರುಣರು ಈ ಕಚೇರಿಗಳಿಗೆ ಸೇರುವುದು ಹಳೆಯ ರೂಢಿ. ಓದುವಾಗ ಕೊಳೆಗೇರಿ ಸುತ್ತಿ ಬಡವರ ಕಷ್ಟ ಕಂಡವರು, ಕೆಲಸಕ್ಕೆ ಸೇರಿದ ಮೇಲೆ ಹಾಜರಿ ಕಡಿತದ ಗುಮಾಸ್ತರಾಗಿಬಿಟ್ಟರೆ ಆ ಓದಿನ ಫಲವೇನು?

ಈ ಕಚೇರಿ ಸೋತರೆ ಏನಾಗುತ್ತದೆಂಬುದನ್ನು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನೋಡಿದ್ದೇವೆ. ಆ್ಯಪಲ್ ಕಂಪೆನಿಗಾಗಿ ಫೋನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು, ಸಂಬಳ ಸರಿಯಾಗಿ ಬರಲಿಲ್ಲವೆಂದು ಸಿಟ್ಟೆದ್ದ ಕೆಲಸಗಾರರು ಗಾಜು ಯಂತ್ರಗಳನ್ನು ಪುಡಿಮಾಡಿದರು. ಪುಡಿಮಾಡಿದ್ದನ್ನು ನಾವು ಒಪ್ಪುವುದಿಲ್ಲ. ಆದರೆ ಕಾರಣವನ್ನು ಮರೆಯುವುದೂ ಇಲ್ಲ. ಅಲ್ಪಕಾಲದಲ್ಲೇ ಕೆಲಸಗಾರರ ಸಂಖ್ಯೆ 5000ದಿಂದ 10,500ಕ್ಕೆ ಏರಿದ್ದರೂ, ಕಾರ್ಮಿಕ ಕಾಯಿದೆ ಬಲ್ಲವರು ಹೆಚ್.ಆರ್. ವಿಭಾಗದಲ್ಲಿ ಸಾಕಷ್ಟು ಇರಲಿಲ್ಲವೆಂದು ರಾಜ್ಯದ ಕಾರ್ಖಾನೆಗಳ ಇಲಾಖೆಯ ತನಿಖೆಯೇ ಹೇಳಿತು. ಸಂಬಳದಲ್ಲಿ ತಪ್ಪಾಗಿದೆಯೆಂದು ಕಂಪೆನಿಯೇ ಕ್ಷಮೆ ಕೇಳಿತು, ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು. ಪೂರೈಕೆದಾರರಿಗೆಂದು ಆ್ಯಪಲ್ ಅಚ್ಚುಮಾಡಿಸಿದ್ದ ನೀತಿಸಂಹಿತೆ ಅಂದಿನವರೆಗೆ ಯಾರ ಹೊಟ್ಟೆಯನ್ನೂ ತುಂಬಿರಲಿಲ್ಲ.

ವ್ಯಾಪಾರಿ ಮಿತ್ರರು ಇದು ಕಾರ್ಖಾನೆಯವರ ಜಗಳವೆಂದು ಸುಮ್ಮನಿರಬಾರದು. ಪೀಣ್ಯದಲ್ಲಾಗಲಿ ಮೈಸೂರು ರಸ್ತೆಯಲ್ಲಾಗಲಿ ಸಂಬಳ ಒಂದು ವಾರ ತಡವಾದರೆ, ಬೀದಿಯ ದಿನಸಿ ಅಂಗಡಿಯ ಸಾಲದ ಪುಸ್ತಕ ಒಂದು ಹಾಳೆ ತುಂಬುತ್ತದೆ. ಕಂಪೆನಿಯ ಬಾಕಿಗೆ ಬಂಡವಾಳ ಹಾಕುವವರು ನೀವು.

ಹೆಚ್.ಆರ್. ಅಧಿಕಾರಿಯೂ ಸಂಬಳದವನೇ, ಧಣಿಗೆ ಎದುರಾಡುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದ್ದರಿಂದಲೇ ಅವನ ಒಳ್ಳೆಯತನವನ್ನು ನಂಬಿ ಕೂರದೆ ನಾವು ಮೂರು ಬೇಡಿಕೆಗಳನ್ನು ಮುಂದಿಡುತ್ತೇವೆ. ಒಂದು, ಸಿ.ಎಸ್.ಆರ್. ಹಣ ಮಂಜೂರಾಗುವ ಮೊದಲು, ಗುತ್ತಿಗೆಯವರೂ ಸೇರಿ ಯಾರ ಸಂಬಳವೂ ಪಿ.ಎಫ್. ಕಂತೂ ಬಾಕಿಯಿಲ್ಲವೆಂದು ಹೆಚ್.ಆರ್. ಮುಖ್ಯಸ್ಥರು ಬರೆದು ಸಹಿಹಾಕಲಿ. ಎರಡು, ಯೋಜನೆಗಳನ್ನು ಕಂಪೆನಿಯ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮ ಈಗಲೇ ಇದೆ. ಅದೇ ಪಟ್ಟಿಯನ್ನು ಖರ್ಚಿನ ಸಮೇತ ಗೇಟಿನ ಬಳಿ ಕನ್ನಡದಲ್ಲಿ ಅಂಟಿಸಲಿ. ಮೂರು, ಯಾವ ಶಾಲೆಗೆ, ಯಾವ ಬಡಾವಣೆಗೆ ಹಣ ಹೋಗಬೇಕೆಂಬುದನ್ನು ಕಾರ್ಮಿಕರ ಸಂಘವನ್ನು ಕೇಳಿ ನಿರ್ಧರಿಸಲಿ. ಚರಂಡಿಯಿಲ್ಲದ ಬೀದಿ ಯಾವುದೆಂದು ಅಲ್ಲಿ ವಾಸಿಸುವವನಿಗೆ ಗೊತ್ತು.

ಇವು ತಾವಾಗಿ ಬರುವುದಿಲ್ಲ. ಸಂಘವಿರುವಲ್ಲಿ ಮಾತ್ರ ಬಂದಾವು. ಶಾಲೆಯ ಗೋಡೆಗೆ ಬಣ್ಣ ಬರಲಿ, ಸಂತೋಷ. ಆದರೆ ಆ ಶಾಲೆಯ ಮಗುವಿನ ತಾಯಿಗೆ ಮೊದಲು ಸಂಬಳ ಬರಲಿ.